ಗುಡ್ಡದಾಚೆಯ ಎಣ್ಣೆ

ನೋರಿಸ್ ಬ್ಯಾರಕ್ಲಫ್‌ನ ಲಾರಿ ನಮ್ಮ ಬೀದಿಗೆ ತಿರುಗುವ ಮೊದಲೇ ಎಲ್ಲರಿಗೂ ಹಸಿವಾಗುತ್ತಿತ್ತು. ಅದರ ಹೊಗೆಯಲ್ಲಿ ಆಗಷ್ಟೇ ಕರಿದ ಆಲೂಗಡ್ಡೆಯ ಪರಿಮಳ. ಬೆಳಗಿನ ಓಟ್ಸ್ ಗಂಜಿ ಮುಗಿಸಿ ಬಾಗಿಲಿಗೆ ಬಂದವರು ಆ ಪರಿಮಳ ಹಿಡಿದು ಮತ್ತೆ ಅಡುಗೆಮನೆಗೆ ಹೋಗುತ್ತಿದ್ದರು.

ಗುಡ್ಡದ ಮೇಲಿನ ಕುರಿಹೊಲಗಳಿಗೆ ಬೇಲಿಗೋಡೆಯ ಕಲ್ಲು ಸಾಗಿಸುವುದು ಅವನ ಕೆಲಸ. ಅರವತ್ತೊಂದು ವಯಸ್ಸು, ಮದುವೆಯಾಗಿರಲಿಲ್ಲ. ಲಾರಿಗೆ ತಾನೇ ಇನ್ನೊಂದು ಟ್ಯಾಂಕ್ ಕೂರಿಸಿದ್ದ. ಡೀಸೆಲ್‌ನಲ್ಲಿ ಹೊರಡುವುದು, ಎಂಜಿನ್ ಬಿಸಿಯಾದ ಮೇಲೆ ಮೀನು ಕರಿಯುವ ಅಂಗಡಿಗಳಲ್ಲಿ ಉಳಿದ ಎಣ್ಣೆಗೆ ತಿರುಗಿಸುವುದು, ನಿಲ್ಲಿಸುವ ಮೊದಲು ಮತ್ತೆ ಡೀಸೆಲ್. ಎಣ್ಣೆಯನ್ನು ಹಳೆಯ ಹಾಸಿಗೆ ಬಟ್ಟೆಯಲ್ಲಿ ಎರಡು ಸಲ ಸೋಸುತ್ತಿದ್ದ. ಆ ಹೊತ್ತಿನಲ್ಲಿ ಅವನನ್ನು ಯಾರೂ ಮಾತಾಡಿಸುವಂತಿರಲಿಲ್ಲ.

ತೊಂದರೆ ಇದ್ದದ್ದು ಒಂದೇ. ನಮ್ಮ ಯಾರ್ಕ್‌ಶೈರ್‌ನ ಅಂಗಡಿಗಳಲ್ಲಿ ಮೀನು ಕರಿಯುವುದು ದನದ ಕೊಬ್ಬಿನಲ್ಲಿ. ಅದನ್ನು ಟ್ಯಾಂಕಿಗೆ ಸುರಿದರೆ ತಣ್ಣಗಾಗಿ ಮೇಣದಂತೆ ಗಟ್ಟಿಯಾಗುತ್ತದೆ. ಸಸ್ಯದ ಎಣ್ಣೆ ಬೇಕೆಂದರೆ ಗುಡ್ಡ ಹತ್ತಿಳಿದು ಪಕ್ಕದ ಲ್ಯಾಂಕಾಶೈರ್‌ಗೇ ಹೋಗಬೇಕು. ಕ್ರಿಕೆಟ್ಟಿನಲ್ಲಿ ಅವರೆದುರು ಸೋತರೆ ವಾರಗಟ್ಟಲೆ ಮುಖ ಊದಿಸಿಕೊಳ್ಳುವ ಊರು ನಮ್ಮದು.

ನಾನು, ನೋರಿಸ್ ಇಬ್ಬರೂ ಊರಿನ ಹಿತ್ತಾಳೆ ವಾದ್ಯಮೇಳದಲ್ಲಿದ್ದೆವು. ಡೋಲು ಬಾರಿಸುವ ಕ್ಲೆಮ್ ಹಾಯ್ಲ್ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ಏನಯ್ಯಾ ನೋರಿಸ್, ಮತ್ತೆ ಆ ಕಡೆ ಹೋಗಿದ್ಯಾ? ನಿಮ್ಮಪ್ಪ ಗೋರಿಯೊಳಗೆ ಮಗ್ಗಲು ಬದಲಾಯಿಸ್ತಿರ್ತಾನೆ ನೋಡು."

"ಲಾರಿಗೆ ಎಣ್ಣೆ ಬೇಕಲ್ಲಪ್ಪಾ."

"ಲಾರಿಗೆ ಎಣ್ಣೆ ಬೇಕು ಸರಿ. ಎಣ್ಣೆ ತರೋಕೆ ಟೈ ಯಾಕೆ ಬೇಕು?"

ಅವನು ಎಣ್ಣೆ ತರುತ್ತಿದ್ದ ಆಚೆಯ ಅಂಗಡಿ ಡೋರೀನ್ ಎಂಟ್ವಿಸ್ಲ್ ಎಂಬ ವಿಧವೆಯದು. ಅವಳು ಎಲ್ಲರನ್ನೂ "ಬಂಗಾರ" ಎಂದೇ ಕರೆಯುವವಳು. ಅಂಚೆಯವನು ಬಂಗಾರ, ತೆರಿಗೆಯವನು ಬಂಗಾರ. ನೋರಿಸ್ ಒಬ್ಬ ಮಾತ್ರ "ಬ್ಯಾರಕ್ಲಫ್ ಅವರೇ". ಇದನ್ನು ಅವನು ನನ್ನ ಬಳಿ ಬಹಳ ಬೇಸರದಿಂದ ಹೇಳಿಕೊಂಡಿದ್ದ. ಐದು ವರ್ಷದಿಂದ ವಾರಕ್ಕೆರಡು ಸಲ ಹೋಗುತ್ತಿದ್ದರೂ ಅವರ ಮಾತು ಎಣ್ಣೆ ದಾಟಿ ಮುಂದೆ ಹೋಗಿರಲಿಲ್ಲ.

ಅಷ್ಟೊಂದು ಎಣ್ಣೆಯನ್ನು ಏನು ಮಾಡುತ್ತಾನೆಂದು ನನಗೆ ತಿಳಿದದ್ದು ಒಂದು ದಿನ ಏಣಿ ಕೇಳಲು ಹೋದಾಗ. ಅವನ ಪಾರಿವಾಳದ ಗೂಡುಮನೆಯಲ್ಲಿ ನೆಲದಿಂದ ಸೂರಿನವರೆಗೆ ಡಬ್ಬಗಳು. ಪಾರಿವಾಳಗಳು ಹೊರಗೆ ಗೋಡೆಯ ಮೇಲೆ ಮುನಿಸಿಕೊಂಡು ಕೂತಿದ್ದವು.

"ಮಾರಾಯ, ಇದನ್ನೆಲ್ಲ ಸುಡೋಕೆ ಎಷ್ಟು ವರ್ಷ ಬೇಕು?"

"ಮೂರು," ಎಂದ ನೋರಿಸ್, ಬೂಟು ನೋಡುತ್ತಾ. "ಬೇರೆ ಏನು ನೆಪ ಹೇಳ್ಕೊಂಡು ಹೋಗ್ಲಿ ಹೇಳು?"

ಆ ಮಾರ್ಚ್‌ನಲ್ಲಿ ಡೋರೀನ್ ಅಂಗಡಿ ಮುಚ್ಚುವುದೆಂದು ನಿರ್ಧರಿಸಿದಳು. ಮಂಡಿ ನೋವು, ಸಮುದ್ರ ದಂಡೆಯ ಮೋರ್ಕಮ್‌ನಲ್ಲಿ ತಂಗಿಯ ಮನೆ ಸೇರುವುದು. ಶನಿವಾರವೇ ಕೊನೆಯ ದಿನ. ಅಂದು ಬೆಳಿಗ್ಗೆ ನೋರಿಸ್ ನನ್ನ ಬಾಗಿಲು ಬಡಿದ. ಗಡ್ಡ ಬೋಳಿಸುವಾಗ ಗಲ್ಲವನ್ನು ಎರಡು ಕಡೆ ಕೊಯ್ದುಕೊಂಡಿದ್ದ.

"ಡಬ್ಬ ಎತ್ತೋಕೆ ಬಾರೋ."

"ಡಬ್ಬ ನೀನೇ ಎತ್ತಬಲ್ಲೆ. ಇವತ್ತಾದ್ರೂ ಬಾಯಿ ಬಿಡ್ತೀಯಾ?"

"ಅದಕ್ಕೇ ಬಾ ಅಂದಿದ್ದು. ನಾನು ವಾಪಸ್ ಓಡಿಬಂದ್ರೆ ಹಿಡ್ಕೋ."

ದಾರಿಯುದ್ದಕ್ಕೂ ಅವನು ಟೈ ಸರಿಪಡಿಸಿಕೊಳ್ಳುತ್ತಿದ್ದ. ಗುಡ್ಡದ ನೆತ್ತಿಯಲ್ಲಿ ಮಂಜು ಹರಿದು ಕೆಳಗೆ ಆಚೆಯ ಊರಿನ ಚಿಮಣಿಗಳು ಒಂದೊಂದಾಗಿ ಎದ್ದು ನಿಂತವು.

ಡೋರೀನ್ ಆರು ಡಬ್ಬಗಳನ್ನು ಸಾಲಾಗಿ ಇಟ್ಟು, ಒರೆಸಿ, ಕಾಯುತ್ತಿದ್ದಳು.

"ಬನ್ನಿ ಬಂಗಾರ," ಎಂದಳು ನನಗೆ. ಅವನತ್ತ ತಿರುಗಿ, "ಇಷ್ಟೇ ಉಳಿದಿರೋದು ಬ್ಯಾರಕ್ಲಫ್ ಅವರೇ."

"ಸಾಕು," ಎಂದ ನೋರಿಸ್. ಒಂದು ಡಬ್ಬ ಎತ್ತಿಟ್ಟ, ಎರಡು ಎತ್ತಿಟ್ಟ. ಐದಾಯಿತು. ಆರನೆಯದಕ್ಕೆ ಕೈ ಹಾಕಿದಾಗ ನನಗೆ ಸಹಿಸಲಾಗಲಿಲ್ಲ. ಏನಾದರೂ ಮಾಡಿ ಹೊತ್ತು ಎಳೆಯೋಣವೆಂದು ಅದರ ಮುಚ್ಚಳ ತೆಗೆದೆ. ಒಳಗೆ ಎಣ್ಣೆ ಜೇನಿನಂತೆ ತಿಳಿಯಾಗಿತ್ತು. ಬೆರಳದ್ದಿ ನೆಕ್ಕಿದೆ.

"ಡೋರೀನ್, ಇದರಲ್ಲಿ ಒಂದು ದಿನಕ್ಕಿಂತ ಹೆಚ್ಚು ಕರಿದೇ ಇಲ್ಲವಲ್ಲ!"

ಡೋರೀನ್ ಕೆಂಪಾದಳು. ನೋರಿಸ್ ಬಂದು ಬಗ್ಗಿ ನೋಡಿದ. ಎಣ್ಣೆಯ ವಿಷಯದಲ್ಲಿ ಅವನನ್ನು ಮೋಸಗೊಳಿಸುವುದು ಕಷ್ಟ. ಆದರೂ ಐದು ವರ್ಷ ಅವನು ನೋಡುತ್ತಿದ್ದದ್ದು ಎಣ್ಣೆಯನ್ನಲ್ಲ.

"ನೀವು ವಾರಕ್ಕೊಂದು ಸಲ ತಾನೇ ಎಣ್ಣೆ ಬದಲಾಯಿಸ್ಬೇಕಾದದ್ದು?"

"ವಾರಕ್ಕೊಂದು ಸಲ ಬದಲಾಯಿಸಿದ್ರೆ ನೀವು ವಾರಕ್ಕೊಂದು ಸಲ ಬರ್ತಿದ್ರಿ," ಎಂದಳು ಡೋರೀನ್, ಸಿಟ್ಟಿನಿಂದಲೇ. "ನನ್ನ ಎಣ್ಣೆ, ನನ್ನಿಷ್ಟ."

ಆಮೇಲೆ ಪಾರಿವಾಳದ ಗೂಡಿನ ವಿಷಯ ನಾನೇ ಹೇಳಿಬಿಟ್ಟೆ. ನೋರಿಸ್ ನನ್ನನ್ನು ಕೊಲ್ಲುವಂತೆ ನೋಡಿದ. ಡೋರೀನ್ ಕೌಂಟರ್ ಹಿಡಿದುಕೊಂಡು ನಕ್ಕಳು, ಏಪ್ರನ್‌ನಿಂದ ಕಣ್ಣೊರೆಸಿಕೊಂಡು ಮತ್ತೂ ನಕ್ಕಳು.

ನೋರಿಸ್ ಟೋಪಿ ತೆಗೆದ. "ಮೋರ್ಕಮ್ ಎಷ್ಟು ದೂರ?"

"ಎಪ್ಪತ್ತು ಮೈಲಿ."

ಅವನು ಮನಸ್ಸಿನಲ್ಲೇ ಲೆಕ್ಕ ಹಾಕುವುದು ಕಾಣಿಸುತ್ತಿತ್ತು. "ಎಣ್ಣೆ ಇದೆ," ಎಂದ.

"ಎಣ್ಣೆ ಇದೆ ಅಂತ ಗೊತ್ತಾಯ್ತು. ಅಲ್ಲಿಗೆ ಯಾವ ಕೆಲಸದ ಮೇಲೆ ಬರೋದು?"

"ಕೆಲಸ ಏನಿಲ್ಲ." ಟೋಪಿ ಅವನ ಕೈಯಲ್ಲಿ ಎರಡು ಸುತ್ತು ತಿರುಗಿತು. "ನಿಮ್ಮನ್ನ ನೋಡೋಕೆ."

ಡೋರೀನ್ ಏಪ್ರನ್ ಬಿಚ್ಚಿ ಮಡಿಸಿಟ್ಟಳು. "ಯಾರು ಬರ್ತಾರೆ ಅಂತ ತಂಗಿಗೆ ಹೇಳ್ಲಿ?"

"ಲಾರಿಯವನು ಅಂತ ಹೇಳಿ."

"ಲಾರಿಯವನು ಅಂದ್ರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸ್ತಾಳೆ."

"ಹಾಗಾದ್ರೆ ನೋರಿಸ್ ಅಂತ ಹೇಳಿ."

"ನೋರಿಸ್," ಎಂದಳು ಡೋರೀನ್, ಉಪ್ಪು ಸರಿಯಿದೆಯೇ ಎಂದು ನೋಡುವವಳಂತೆ. ಆಮೇಲೆ ನನ್ನತ್ತ ತಿರುಗಿ, "ಬಂಗಾರ, ನೀವು ಸ್ವಲ್ಪ ಲಾರಿಯಲ್ಲಿ ಕೂತಿರ್ತೀರಾ?"

ಕೂತಿದ್ದೆ. ಮುಕ್ಕಾಲು ಗಂಟೆ. ಬಾಗಿಲಿಗೆ ಅವಳು ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಮೀನಿಗೆಂದು ಬಂದ ಗಿರಾಕಿಗಳಿಗೆಲ್ಲ ನಾನೇ ಕಿಟಕಿಯಿಂದ ತಲೆ ಹಾಕಿ, ಇವತ್ತು ಅಂಗಡಿ ತಡ ಎಂದು ಹೇಳಬೇಕಾಯಿತು.