ಹದಿನಾರು ದೀಪದ ಲಾಳಿ

ನಮ್ಮ ಮಾಸ್ತರಿಗೆ ‘ಸ್ಮೂತ್’ ಅನ್ನೂ ಮಾತಿನ ಮ್ಯಾಲ ಭಾಳ ಪ್ರೀತಿ. ಪಾಠ ಸ್ಮೂತ್ ಆಗಬೇಕು, ಪರೀಕ್ಷೆ ಸ್ಮೂತ್ ಆಗಬೇಕು, ಚಾ ಸೈತ ಗಂಟಲದಾಗ ಸ್ಮೂತಾಗಿ ಇಳೀಬೇಕು. ಎಂಬತ್ತರ ದಶಕ ಆಗ ಶುರುವಾಗಿತ್ತು. ನಾ ಬಾಗಲಕೋಟ್ಯಾಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದ್ತಿದ್ದೆ, ಕ್ಲಾಸಿನಾಗ ನಾ ಒಬ್ಬಾಕಿನ ಹೆಣ್ಣು. ಮಾಸ್ತರು ದಕ್ಷಿಣದ ಕಡೆಯವರು. ನಾವು ಬಾಯಿ ತಗದ್ರ ಸಾಕು, ಅಕ್ಕ್ಯಾಗ ಹರಳು ಕಡದವರಂಗ ಮಾರಿ ಮಾಡ್ತಿದ್ರು.

ಕಡೀ ವರ್ಷ ಎಲ್ಲಾರೂ ಒಂದೊಂದು ಪ್ರಾಜೆಕ್ಟ್ ಮಾಡಿ ತೋರಿಸಬೇಕಿತ್ತು. ನನಗ ಬಂದ ವಿಷಯ, ಎಲ್‌ಇಡಿ ದೀಪಗಳಿಂದ ಯಂತ್ರದ ಸ್ಮೂತ್ ಚಲನೆ ತೋರಿಸೂದು. ಅಂದ್ರ ದೀಪ ಜಾಗ ಬಿಟ್ಟು ಕದಲಬಾರದು, ಆದ್ರ ನೋಡವರಿಗೆ ಏನೋ ಓಡಿದಂಗ ಕಾಣಬೇಕು.

‘ಗಡಿಯಾರದ ಲೋಲಕ ಮಾಡಮ್ಮ. ಸುಲಭ. ಹೆಣ್ಮಕ್ಕಳಿಗೆ ಅಷ್ಟು ಸಾಕು’ ಅಂದ್ರು ಮಾಸ್ತರು.

ಅಷ್ಟು ಸಾಕಂತ! ನನಗ ನೆತ್ತಿಗೇರಿತು. ‘ಲಾಳಿ ಮಾಡ್ತೇನ್ರಿ ಸರ್’ ಅಂದೆ. ಇಳಕಲ್ಲಿನ ನೇಕಾರರ ಮನಿ ಮಗಳು ನಾ. ಮಗ್ಗದಾಗ ನೂಲು ಹೊಟ್ಯಾಗಿಟ್ಟುಕೊಂಡು ಈ ಕಡಿಂದ ಆ ಕಡೆ ಓಡೂ ಲಾಳಿ ನೋಡಕೊಂತನ ತೊಟ್ಟಿಲದಾಗ ಮಲಗಿದಾಕಿ.

‘ಲಾರಿಯಾ? ಲಾರಿ ದೊಡ್ಡದಾಗುತ್ತಲ್ಲಮ್ಮ’ ಅಂದ್ರು. ಅಂದು, ರಿಜಿಸ್ಟರದಾಗ ಹಂಗ ಬರಕೊಂಡ್ರು. ನಾ ತಿದ್ದಲಿಲ್ಲ. ಮೂರು ವರ್ಷ ಇಳಕಲ್ ಸೀರಿ ಉಟ್ಟವರ ನಡುವ ಇದ್ದೂ ಲಾಳಿ ಅಂದ್ರೇನು ಅಂತ ಗೊತ್ತಿಲ್ಲದ ಮನಿಷ್ಯಾಗ ಏನಂತ ತಿದ್ದೂದು?

ಒಂದು ಉದ್ದನ್ನ ಹಲಗಿಗೆ ಸಾಲಾಗಿ ಹದಿನಾರು ತೂತು ಹೊಡದು, ಹದಿನಾರು ಕೆಂಪು ಎಲ್‌ಇಡಿ ಕೂಡಿಸಿದೆ. ಒಂದರ ಹಿಂದ ಒಂದು ಹತ್ತಿಸೂ ಸರ್ಕ್ಯೂಟ್ ಪುಸ್ತಕದಾಗ ಇತ್ತು. ಸೋಲ್ಡರಿನ ಹೊಗಿ ಕುಡಕೊಂತ ಅದನ್ನ ಬೆಸದೆ. ಬೆಸದು ಚಾಲೂ ಮಾಡಿದ್ರ ದೀಪ ಓಡಲಿಲ್ಲ, ಜಿಗೀತು. ಇಲ್ಲಿ ಟಕ್, ಅಲ್ಲಿ ಟಕ್. ಮಾಸ್ತರು ಬಂದು ನೋಡಿ, ‘ಸ್ಮೂತ್ ಇಲ್ಲ’ ಅಂದ್ರು. ಅದು ನನಗೂ ಕಾಣಸ್ತಿತ್ತು, ಕುರುಡಿ ಏನಲ್ಲ ನಾ. ‘ಏನು ಮಾಡ್ಲಿರಿ ಸರ್?’ ಅಂದ್ರ ‘ಸ್ಪೀಡ್ ಹೆಚ್ಚು ಮಾಡು’ ಅಂದ್ರು. ಮಾಡಿದೆ. ಹದಿನಾರೂ ದೀಪ ಒಮ್ಮೆಲೇ ಹತ್ತಿದಂಗಾಗಿ ಬರೇ ಒಂದು ಕೆಂಪು ಗೆರಿ ಕಾಣಸ್ತು. ‘ಹಾಗಾದ್ರೆ ಕಡಿಮೆ ಮಾಡು’ ಅಂದು ಚಾ ಕುಡ್ಯಾಕ ಹೋದ್ರು. ನನ್ನ ಪ್ರಾಜೆಕ್ಟಿಗೆ ಅವರು ಕೊಟ್ಟ ಮಾರ್ಗದರ್ಶನ ಇಷ್ಟ. ರಿಪೋರ್ಟಿನ ಮೊದಲನೇ ಹಾಳಿ ಮ್ಯಾಲ ‘ಇವರ ಮಾರ್ಗದರ್ಶನದಲ್ಲಿ’ ಅಂತ ಅವರ ಹೆಸರು ದಪ್ಪ ಅಕ್ಷರದಾಗ ಬರೀಬೇಕಾತು. ಯಾರದೋ ರೊಕ್ಕ, ಎಲ್ಲಮ್ಮನ ಜಾತ್ರಿ.

ಪರೀಕ್ಷೆಗೆ ಮೊದಲ ಸೂಟಿ ಇತ್ತು. ಹಲಗಿ ಹೊತಕೊಂಡು ಇಳಕಲ್ಲಿಗೆ ಬಂದೆ. ಮನ್ಯಾಗ ಅಪ್ಪ ಕಡೀ ಮಾತು ಹೇಳಿ ಕುಂತಿದ್ದ. ‘ಈ ಸಲ ಪಾಸಾತೋ ಚಲೋ. ಇಲ್ಲಂದ್ರ ಆ ಗಜೇಂದ್ರಗಡದ ಸಂಬಂಧಕ್ಕ ಹೂಂ ಅಂತೇನಿ. ಸಾಲಿ ಸಾಕು.’ ಮೂರು ವರ್ಷ ಅಪ್ಪನ ಜೋಡಿ ಜಗಳಾಡಿ ನನ್ನ ಕಾಲೇಜಿನಾಗ ಇಟ್ಟಾಕಿ ಅವ್ವ. ಆಕಿಗೆ ಒಂದು ಅಕ್ಷರ ಬರೂದಿಲ್ಲ. ಹೆಬ್ಬೆಟ್ಟು ಒತ್ತಾಕಿ. ಆದ್ರ ನಮ್ಮ ಓಣ್ಯಾಗ ಆಕಿಯಂಗ ಸೀರಿ ನೇಯವರು ಗಂಡಸರಾಗೂ ಇರಲಿಲ್ಲ.

ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತಾಕಿಯ ಎದುರಿಗೆ ಹಲಗಿ ನಿಲ್ಲಿಸಿ ಬ್ಯಾಟರಿ ಹಚ್ಚಿದೆ. ‘ಏನು ಹೇಳಬೇ ಇದು?’ ಅಂದೆ.

ಅವ್ವ ಕಣ್ಣು ಸಣ್ಣ ಮಾಡಿ ನೋಡಿದ್ಲು. ‘ಕಪ್ಪಿ. ಕೆರ್ಯಾಗಿನ ಕಪ್ಪಿ.’

‘ಕಪ್ಪಿ ಅಲ್ಲಬೇ, ಲಾಳಿ!’

‘ಹಿಂಗ ಜಿಗ್ಯೂ ಲಾಳಿ ನಮ್ಮ ಮಗ್ಗದಾಗಿದ್ರ ಒಲಿಗೆ ಹಾಕ್ತಿದ್ನಿ’ ಅಂದು ನೇಯಾಕ ಹತ್ತಿದ್ಲು.

ನನಗ ಅಳು ಬಂತು, ಸಿಟ್ಟೂ ಬಂತು. ‘ನಿನಗೇನು ತಿಳೀತೈತಿ ಎಲೆಕ್ಟ್ರಾನಿಕ್ಸ್?’ ಅಂದುಬಿಟ್ಟೆ. ಮಾಸ್ತರು ನನಗ ಮಾಡಿದ ಮಾರೀನ ನಾ ಅವ್ವಗ ಮಾಡಿದ್ದೆ. ಆಕಿ ಬೇಜಾರ ಮಾಡಕೊಳ್ಳಲಿಲ್ಲ. ಮಗ್ಗ ನಿಲ್ಲಿಸಿ ಕೇಳಿದ್ಲು, ‘ಒಂದು ದೀಪ ಆರಿದ ಮ್ಯಾಲ ಇನ್ನೊಂದು ಹತ್ತತೈತಿ, ಹೌದಿಲ್ಲ?’

‘ಹೌದು. ಹಂಗ ಹತ್ತಬೇಕು ಅದು.’

‘ಅಲ್ಲೇ ತಪ್ಪೈತಿ ನೋಡು. ಬಾ ಇಲ್ಲಿ.’

ಸೀರಿಯ ಒಡಲೂ ದಡಿಯೂ ಕೂಡೂ ಜಾಗ ತೋರಿಸಿದ್ಲು. ಒಡಲಿನ ನೂಲಿಗೆ ಒಂದು ಲಾಳಿ, ಎರಡು ದಡಿಗೆ ಎರಡು ಲಾಳಿ. ಒಡಲಿನ ನೂಲು ದಡಿ ಮುಟ್ಟಿ ತಿರಗೂವಾಗ ದಡಿ ನೂಲು ಬಂದು ಅದರ ಕೊರಳಾಗ ಸಿಗಬೇಕು. ಅದಕ್ಕ ಕೊಂಡಿ ಅಂತೇವಿ. ‘ಇದು ಕೈ ಬಿಡೂ ಮೊದಲ ಅದು ಕೈ ಹಿಡದಿರಬೇಕು. ನಡುವ ತೂತು ಬಿಟ್ರ ಸೀರಿ ಎರಡಾತು. ನಿನ್ನ ದೀಪಕ್ಕ ಕೊಂಡಿ ಇಲ್ಲವಾ. ಒಂದು ಪೂರಾ ಆರೂದು ಯಾಕ ಕಾಯಬೇಕು ಇನ್ನೊಂದು?’

ಸಣ್ಣಾಕಿ ಇದ್ದಾಗ ಅವ್ವನ ಬಾಜೂಕ ಕುಂತು ದಡಿ ಲಾಳಿ ಕೊಟ್ಟು ಕೊಂಡಿ ಹಾಕಿದಾಕಿ ನಾನ. ಎರಡು ವರ್ಷ ಪೂರಾ ಹಾಕೇನಿ. ಡಿಪ್ಲೊಮಾ ಕಲತ ತಲಿಗೆ ಅದು ಹೊಳೀಲಿಲ್ಲ ನೋಡ್ರಿ. ಪುಸ್ತಕದ ಹುಳಾ ಪುಸ್ತಕಾನ ತಿಂತೈತಿ.

ಬಜಾರದಾಗ ಒಬ್ಬ ರೇಡಿಯೋ ರಿಪೇರಿಯವ ಇದ್ದ. ಅವನ ಕಡೆ ಹದಿನಾರು ಕಂಡೆನ್ಸರ್ ತಂದೆ. ಒಂದೊಂದು ದೀಪಕ್ಕ ಒಂದೊಂದು ಹಚ್ಚಿದೆ. ಕಂಡೆನ್ಸರ್ ಅಂದ್ರ ತುಸು ವಿದ್ಯುತ್ತು ಹಿಡದಿಟ್ಟುಕೊಂಡು ಸಾವಕಾಶ ಬಿಡೂದು. ಈಗ ದೀಪ ಟಕ್ಕನ ಆರೂದು ಬಿಟ್ಟು ಮೆಲ್ಲಕ ಕಂದತಿತ್ತು. ಅದು ಕಂದೂದರಾಗ ಮುಂದಿಂದು ಹತ್ತಿರತಿತ್ತು. ನಾಕು ದಿನ ಹಿಡೀತು. ಮೂರು ಎಲ್‌ಇಡಿ ಸುಟ್ಟು, ನನ್ನ ಎರಡು ಬೆರಳೂ ಸುಟ್ಟವು.

ಐದನೇ ದಿನ ಮತ್ತ ಅವ್ವನ ಮುಂದ ಹಲಗಿ ಇಟ್ಟು ಚಾಲೂ ಮಾಡಿದೆ. ಕೆಂಪು ಬೆಳಕು ಬಲಗಡಿಂದ ಹೊಂಟು, ಹಿಂದ ಬಾಲ ಎಳಕೊಂತ, ಎಡಗಡೆಗೆ ಹರೀತು. ಅವ್ವನ ಎಡಗೈ ತನ್ನಷ್ಟಕ್ಕ ತಾನ ಮುಂದ ಬಂತು, ಲಾಳಿ ಹಿಡ್ಯಾಕ. ಹಲಗಿ ಮುಟ್ಟಿದ ಮ್ಯಾಲ ಆಕಿಗೆ ಎಚ್ಚರಾತು. ‘ಅಯ್ಯ ನಿನ್ನ!’ ಅಂದು ನಗಾಕ ಹತ್ತಿದ್ಲು. ನನ್ನ ಜೀವನದಾಗ ಅದರಷ್ಟು ದೊಡ್ಡ ಸರ್ಟಿಫಿಕೇಟ್ ಯಾರೂ ಕೊಟ್ಟಿಲ್ಲ.

ಪರೀಕ್ಷೆ ದಿನ ಅವ್ವನೂ ನನ್ನ ಕೂಡ ಬಾಗಲಕೋಟಿಗೆ ಬಂದ್ಲು. ಹಲಗಿ ಉದ್ದ ಇತ್ತು, ಬಸ್ಸಿನಾಗ ಒಬ್ಬಾಕಿಗೆ ಹಿಡ್ಯಾಕ ಆಗೂದಿಲ್ಲ. ಇಬ್ರೂ ತೊಡಿ ಮ್ಯಾಲ ಅಡ್ಡ ಇಟ್ಟುಕೊಂಡು, ಒಂದೊಂದು ತುದಿ ಒಬ್ಬೊಬ್ರು ಹಿಡದು ಕುಂತ್ವಿ. ಕಾಲೇಜಿನಾಗ ಅವ್ವನ್ನ ಪಡಸಾಲ್ಯಾಗ, ಬಾಗಲದ ಹೊರಗ ಕುಂಡ್ರಿಸಿದೆ.

ಹೊರಗಿನಿಂದ ಬಂದ ಪರೀಕ್ಷಕರು ಬೆಳ್ಳಗಿನ ಕೂದಲದ ಹಿರಿಯರು. ರಿಜಿಸ್ಟರ್ ನೋಡಿ, ‘ಲಾರಿ ಎಲ್ಲಿ ಐತ್ರಿ?’ ಅಂದ್ರು. ಮಾಸ್ತರು ಹಲಗಿ ಕಡೆ ಕೈ ಮಾಡಿ, ‘ಅದೇ ಸರ್, ಲಾರಿಯ ಹೆಡ್‌ಲೈಟು’ ಅಂದ್ರು! ಪುಣ್ಯಾತ್ಮ ಪ್ರಾಜೆಕ್ಟ್ ಏನಂತನೂ ತಿಳಕೊಂಡಿರಲಿಲ್ಲ. ನಾ ಸುಮ್ಮನ ಸ್ವಿಚ್ ಒತ್ತಿದೆ.

ಪರೀಕ್ಷಕರು ಚಸ್ಮಾ ಏರಿಸಿ ಭಾಳ ಹೊತ್ತು ನೋಡಿದ್ರು. ‘ಇದು ಮಗ್ಗದ ಲಾಳಿ ಅಲ್ಲೇನವಾ?’ ಅಂದ್ರು. ನನಗ ಅವರ ಕಾಲಿಗೆ ಬೀಳಬೇಕು ಅನಸ್ತು. ‘ಒಂದು ಆರೂ ಮೊದಲ ಇನ್ನೊಂದು ಹತ್ತಬೇಕು ಅನ್ನೂದು ಯಾರು ಹೇಳಿಕೊಟ್ರು ನಿನಗ?’

ಮಾಸ್ತರು ಆಗಲೇ ಅಂಗಿ ಕಾಲರ್ ಸರಿ ಮಾಡಕೊಂಡು ನಗು ತಯಾರ ಮಾಡಿದ್ರು. ತನ್ನ ಹೆಸರು ಹೇಳತಾಳ ಅಂತ. ನಾ ಹೇಳಲಿಲ್ಲ, ಖರೆ. ಬಾಗಲದ ಕಡೆ ನೋಡಿದೆ. ನೆಲದ ಮ್ಯಾಲ ಕಾಲು ಮಡಚಿ ಕುಂತ ಅವ್ವ, ಕೈತುಂಬ ಬಣ್ಣದ ಕಲಿ, ತಲಿ ಮ್ಯಾಲ ಸೆರಗು. ಕ್ಲಾಸಿನ ಹುಡುಗರು ಆಕಿನ್ನ ದಾಟಿಕೊಂಡು ಅಡ್ಡಾಡ್ತಿದ್ರು. ನನ್ನ ನಾಲಿಗಿಗೆ ಏನಾತೋ.

‘ಪುಸ್ತಕದಾಗ ಓದೇನ್ರಿ ಸರ್’ ಅಂದೆ.

‘ಶಾಬಾಸ್! ಓದೂ ಹುಡುಗಿ’ ಅಂದ್ರು ಅವರು. ಪಾಸಾದೆ. ಒಳ್ಳೆ ಮಾರ್ಕೂ ಬಂದವು, ಗಜೇಂದ್ರಗಡದ ಸಂಬಂಧನೂ ತಪ್ಪಿತು. ಇಷ್ಟು ಹೊತ್ತು ಮಾಸ್ತರನ್ನ ಹಿಡದು ಜಾಡಿಸಿದೆ ಅಲ್ಲ ನಾ? ಆ ಮನಿಷ್ಯಾಗ ಲಾಳಿ ಗೊತ್ತಿರಲಿಲ್ಲ, ಅದಕ್ಕ ಲಾರಿ ಅಂದ. ನನಗ ಎಲ್ಲಾ ಗೊತ್ತಿತ್ತು. ಉಂಡ ಮನಿ ಗಳ ಎಣಿಸಿದಾಕಿ ನಾ.

ತಿರಗಿ ಬರೂವಾಗ ಬಸ್ಸಿನಾಗ ಮತ್ತ ಹಲಗಿ ಇಬ್ಬರ ತೊಡಿ ಮ್ಯಾಲ. ಹುನಗುಂದ ದಾಟೂತನಕ ಅವ್ವ ಕಿಡಕಿಯಿಂದ ಹೊರಗ ನೋಡಕೊಂತ ಕುಂತಿದ್ಲು. ಆಮ್ಯಾಲ ನನ್ನ ಕಡೆ ತಿರಗಿದ್ಲು. ಸಿಟ್ಟಿಲ್ಲ, ಕೊಂಕಿಲ್ಲ. ಖರೇನ ಕೇಳಿದ್ಲು.

‘ನಮ್ಮ ಕೊಂಡಿ ಪುಸ್ತಕದಾಗೂ ಬರದಾರೇನವಾ? ಯಾವ ಪುಸ್ತಕ ಅದು? ಮನಿಗೆ ಹೋಗಿಂದ ನನಗೂ ಒಂದೀಟು ಓದಿ ಹೇಳು.’

‘ಕಾಲೇಜಿನಾಗ ಬಿಟ್ಟು ಬಂದೇನಿ ಬೇ’ ಅಂದೆ.

‘ಹೌದೇನು’ ಅಂದು, ಹಲಗಿ ಮ್ಯಾಲಿನ ಧೂಳ ಸೆರಗಲೆ ಒರಸಿದ್ಲು.