ಹೊಸ್ತಿಲ ನಾಯಿಯ ಕಿವಿ

ಕಂಪ್ಲಿಯಲ್ಲಿದ್ದ ನಮ್ಮವ್ವನ ಕಣ್ಣು ಮಂಜಾಗುತ್ತ ಬಂದಿತ್ತು. ಮದ್ರಾಸಿನ ಕಣ್ಣಾಸ್ಪತ್ರೆಗೆ ಹೋಗೆಂದರೆ ಒಪ್ಪಲಿಲ್ಲ. "ಇರೋ ಬೆಳಕಿನಾಗ ಕೂಸಿನ ಮಾರಿ ಒಮ್ಮೆ ತೋರಿಸಿ ಹೋಗು" ಎಂದು ಹೇಳಿ ಕಳಿಸಿದ್ದಳು. ಅಲ್ಲಿನ ಬೆಲ್ಲದ ಗಾಡಿ ಹೊಸಪೇಟೆಯ ಸಂತೆಗೆ ಬಂದು, ಖಾಲಿಯಾಗಿ ಹಿಂತಿರುಗುವಾಗ ನಮ್ಮ ಬಾಗಿಲಲ್ಲಿ ನಿಲ್ಲುತ್ತಿತ್ತು. ನಾನು ಮಗುವನ್ನೆತ್ತಿಕೊಂಡು, ಬಟ್ಟೆಯ ಗಂಟು ಹಿಡಿದು, ಕೊಡೆಗೆ ಕೈ ಹಾಕಿದ ಕೂಡಲೇ ಹೊಸ್ತಿಲ ಬಳಿ ಮಲಗಿದ್ದ ನಮ್ಮ ಕಂದು ನಾಯಿ ಎದ್ದು ಪಟಪಟನೆ ಕಿವಿ ಬಡಿಯುತ್ತಿತ್ತು.

ಹೊರಟಾಗ ನಾಯಿ ಕಿವಿ ಬಡಿದರೆ ಅಪಶಕುನ.

"ಒಳಗ ಬಾರವಾ. ಇವತ್ತು ಬ್ಯಾಡ" ಎನ್ನುತ್ತಿದ್ದರು ಅತ್ತೆ. ದೋಷ ಕಳೆಯಲೆಂದು ತುಪ್ಪ ಸವರಿದ ರೊಟ್ಟಿಯ ತುಂಡನ್ನು ನಾಯಿಗೆ ಹಾಕಿ, ನನ್ನ ಕಂಕುಳಿನಿಂದ ಮಗುವನ್ನು ತೆಗೆದುಕೊಳ್ಳುತ್ತಿದ್ದರು.

"ನಿಮ್ಮನಿ ನಾಯಿ ಪಂಚಾಂಗ ಓದೈತೇನ್ರಿ ಅಮ್ಮಾರ?" ಎಂದ ಒಮ್ಮೆ ಗಾಡಿ ಹೊಡೆಯುವ ಮುದುಕ.

"ನಿನ್ನ ಎತ್ತಿಗಿಂತ ಶಾಣ್ಯಾ ಐತಿ. ಹೊಡಿ ಗಾಡಿ."

ನಾನು ಓದಿದ ಕಾನ್ವೆಂಟಿನಲ್ಲಿ ಯಾರು ಏನೇ ತಪ್ಪು ಮಾಡಲಿ, ಮದರ್ ಮೊದಲು ಕೇಳುತ್ತಿದ್ದುದು "ಯಾಕೆ?" ಎಂದು. ಆ ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ. ನಾಯಿ ಯಾಕೆ ಹೀಗೆ ಮಾಡುತ್ತದೆ? "ನಿನ್ನ ಮ್ಯಾಲೆ ಭಾಳ ಜೀವ ಅದಕ್ಕ. ಕಳಸಾಕ ಮನಸಿಲ್ಲ" ಎಂದರು ನಮ್ಮ ಮನೆಯವರು. "ಅದಕ್ಕ ಮುಂದಿಂದು ಕಾಣತೈತಿ" ಎಂದರು ಅತ್ತೆ. ನನಗೆ ತುರಿಕೆ ಇರಬಹುದೆನಿಸಿತು. ಕಿವಿಯೊಳಗೆ ಇಣುಕಿದರೆ ನಿಜವಾಗಿಯೂ ಉಣ್ಣೆಹುಳ ಕಚ್ಚಿಕೊಂಡಿದ್ದವು. ಕಿತ್ತು, ಬೇವಿನೆಣ್ಣೆ ಹಚ್ಚಿದೆ. ಕಿವಿ ವಾಸಿಯಾಯಿತು. ಮುಂದಿನ ಸಂತೆಯ ದಿನ ಕೊಡೆ ಕಂಡದ್ದೇ ತಡ, ಮತ್ತೆ ಪಟಪಟ!

ಅಂದಿನಿಂದ ಯಾಕೆಂದು ಕೇಳುವುದನ್ನು ಬಿಟ್ಟೆ. ಅದರ ಮನಸ್ಸು ನನಗೆ ಕಾಣದು. ಅದಕ್ಕೆ ಸಿಗುವ ರೊಟ್ಟಿ ಕಾಣುತ್ತಿತ್ತು. ಮಧ್ಯಾಹ್ನ ಅತ್ತೆ ಅಡ್ಡಾದಾಗ ಗಂಟು, ಕೊಡೆ, ಜೊತೆಗೊಂದು ತುಂಡು ರೊಟ್ಟಿ ಹಿಡಿದು, ಹೊರಟವಳಂತೆ ಹೊಸ್ತಿಲಿಗೆ ಬರುತ್ತಿದ್ದೆ. ಕಿವಿ ಬಡಿದರೆ ರೊಟ್ಟಿಯನ್ನು ಅದರೆದುರೇ ನಾನು ತಿಂದುಬಿಡುತ್ತಿದ್ದೆ. ಸುಮ್ಮನಿದ್ದರೆ ಅದಕ್ಕೆ. ಬೇಸಿಗೆ ಮುಗಿಯುವುದರೊಳಗೆ ನಾಯಿ, ಕೊಡೆ ಕಂಡರೆ ಕಲ್ಲಿನ ಬಸವನಂತೆ ಕೂರುವುದನ್ನು ಕಲಿಯಿತು.

ಗಾಡಿ ಬಂತು. ನಾಯಿ ಅಲುಗಲಿಲ್ಲ. ನನ್ನ ಒಂದು ಕಾಲು ಹೊಸ್ತಿಲಾಚೆ ಇತ್ತು.

ಹಿಂದಿನಿಂದ ಅತ್ತೆ ಸೀನಿದರು. ಒಂಟಿ ಸೀನು. ಅದೂ ಅಪಶಕುನವೇ.

"ಇನ್ನೊಂದು ಸೀನ್ರಿ ಅಮ್ಮಾರ. ಜೋಡಿ ಆದ್ರ ಹೊಂಡಾಕ ಅಡ್ಡಿಲ್ಲ" ಎಂದ ಮುದುಕ.

"ಬರಬ್ಯಾಡೇನೋ? ಬಂದ್ರ ಸೀನತೀನಿ."

ಬೇಕೆಂದೇ ಸೀನಿದರೇ, ತಾನಾಗಿ ಬಂತೇ? ಕಾನ್ವೆಂಟಿನ ಆ "ಯಾಕೆ" ಗಂಟಲವರೆಗೆ ಬಂತು. ತಿರುಗಿ ನೋಡಿದೆ. ಅತ್ತೆಯ ಎರಡೂ ಕೈ ಆಗಲೇ ಮಗುವಿಗಾಗಿ ಚಾಚಿದ್ದವು. ನಾನು ಹೊಸ್ತಿಲಿಂದ ಹಿಂದಿರುಗಿದಾಗಲೆಲ್ಲ ಮಗು ಮೊದಲು ಹೋಗುತ್ತಿದ್ದುದು ಆ ಮಡಿಲಿಗೇ. ನಾಯಿಗೆ ರೊಟ್ಟಿ ಹೇಗೋ ಅವರಿಗೆ ಈ ಕೂಸು. ಅದನ್ನು ಪ್ರತಿ ಸಲ ಕೈಗಿಡುತ್ತಿದ್ದವಳು ನಾನೇ.

ತಿಳಿಯಿತು. ಆದರೂ ಹೊಸ್ತಿಲಾಚೆಯ ಕಾಲು ಒಳಗೆ ಬಂತು. ರೊಟ್ಟಿ ಕೊಡದೆ ಹಿಡಿದಿಟ್ಟು ನಾಯಿಯನ್ನು ತಿದ್ದಬಹುದು. ಅತ್ತೆಯೆದುರು ಮಗುವನ್ನು ಹಾಗೆ ಬಿಗಿಹಿಡಿದು ನಿಲ್ಲಲು ಯಾವ ಸೊಸೆಗಾದೀತು?

ಕೂಸಿನ ತಲೆಯ ಕುಂಚಿಗೆ ಬಿಚ್ಚಿ ಮುದುಕನ ಕೈಗಿಟ್ಟೆ. "ಅವ್ವಗ ಕೊಡ್ರಿ. ಮುಟ್ಟಿ ನೋಡ್ಲಿ."

ಗಾಡಿ ಓಣಿಯ ತಿರುವು ದಾಟಿತು. ನಾಯಿ ಕಿವಿ ಅಲುಗಿಸದೆ, ನನ್ನ ಕೈಯನ್ನೇ ನೋಡುತ್ತ ಕೂತಿತ್ತು.