ಮೂರು ಐಬಿನ ನೇಗಿಲು

ಚಂಪಾಬಾಯಿ ಯಾವ ವಸ್ತುವನ್ನು ಕೊಳ್ಳುವಾಗಲೂ ಅದರ ಗುಣವನ್ನು ಕೇಳುತ್ತಿರಲಿಲ್ಲ, ಐಬನ್ನು ಕೇಳುತ್ತಿದ್ದಳು. ಗಡಿಗೆ ಕೊಳ್ಳುವಾಗ ಕುಂಬಾರನನ್ನೂ ಆಕಳು ಕೊಳ್ಳುವಾಗ ದಲಾಲನನ್ನೂ "ಮೊದಲ ಇದರ ಐಬ ಹೇಳಪಾ" ಎಂದು ತಡೆದು ನಿಲ್ಲಿಸುವಳು. ಐಬೇ ಇಲ್ಲವೆಂದವನ ಸರಕನ್ನು ಆಕೆ ಮುಟ್ಟಿದ್ದಿಲ್ಲ. ಮಗಳು ಗುರಮ್ಮನ ಲಗ್ನದ ಮಾತು ನಡೆದಾಗ ಉದಗೀರದ ಬೀಗರ ಪಡಸಾಲೆಯಲ್ಲಿ ಕುಳಿತು, ವರನ ತಾಯಿಯನ್ನೂ ಇದನ್ನೇ ಕೇಳಿದಳು. ಕೂಡಿದ ಹಿರಿಯರು ನೆಲ ನೋಡಿದರು. ಆ ತಾಯಿ ಮಾತ್ರ ತಡವರಿಸದೆ, "ಹಸದ್ರ ಸಿಟ್ಟಿಗೇಳ್ತಾನ್ರೀ, ಮಲಗಿದ್ರ ಗೊರಕಿ ಹೊಡೀತಾನ. ಇಷ್ಟಽ ನೋಡ್ರಿ" ಎಂದಳು. ಚಂಪಾಬಾಯಿ ಅಲ್ಲಿಯೇ ಸಕ್ಕರೆ ಹಂಚಿಸಿದಳು.

ಕಾಸಾರಶಿರಸಿಗೆ ಒಂದು ಹರದಾರಿ ದೂರದ ಹಳ್ಳಿ ಅವಳದು. ಗಂಡ ಆರು ವರ್ಷ ಹಾಸಿಗೆ ಹಿಡಿದು ತೀರಿಕೊಂಡಿದ್ದನು. ಆ ಆರು ವರ್ಷಗಳಲ್ಲಿ ಆತನ ಸೇವೆ ಮಾಡುವುದರಲ್ಲಿ ಚಂಪಾಬಾಯಿಗೆ ಹೊಲದ ಕಡೆ ನೋಡಲು ಆಗಿರಲಿಲ್ಲ. ಐದು ಎಕರೆ ಎರೆಹೊಲವನ್ನು ಕರಿಕೆ ಹುಲ್ಲು ನುಂಗಿತ್ತು. ಕರಿಕೆಯ ಬೇರು ಎರೆಯಲ್ಲಿ ಮೊಳಕೈ ಆಳಕ್ಕೆ ಇಳಿಯುತ್ತದೆ. ಮರದ ನೇಗಿಲು ಅದರ ತಲೆ ಸವರಿ ಬರುವುದೇ ಹೊರತು ಬುಡಕ್ಕೆ ಮುಟ್ಟುವುದಿಲ್ಲ.

ಪಕ್ಕದ ಹೊಲ ಭೀಮಶಾನದು. ಆತ ಚಂಪಾಬಾಯಿಯ ಗಂಡನ ಅಣ್ಣನ ಮಗ; ಅವಳನ್ನು ಕಾಕೂ ಎನ್ನುತ್ತಿದ್ದನು. ಕರಿಕೆ ಬದು ದಾಟಿ ಆತನ ಹೊಲಕ್ಕೂ ಕಾಲಿಟ್ಟಿತು. ಆತ ಊರ ಹಿರಿಯರನ್ನು ಕೂಡಿಸಿದನು.

"ಕಾಕೂಗ ಹೊಲಾ ಆಳಾಕ ಆಗ್ಲಿಲ್ಲಂದ್ರ ನನಗ ಪಾಲಿಗಿ ಹಾಕ್ಲಿ. ನಾ ಮಾಡಿ ಅರ್ಧ ಮಾಲ ಮನಿಗಿ ಮುಟ್ಟಸ್ತೀನಿ" ಎಂದನು.

ಮಾತಿನಲ್ಲಿ ಹುರುಳಿತ್ತು. ಆದರೆ ಒಮ್ಮೆ ಪಾಲಿಗೆ ಹೋದ ಹೊಲ ಹೆಂಗಸಿನ ಕೈಗೆ ತಿರುಗಿ ಬಂದುದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಮನೆತನದ ಅಯ್ಯನವರಾದ ಗುರುಬಸಯ್ಯನವರ ಎದುರಿಗೆ ಕರಾರಾಯಿತು: ಮುಂದಿನ ಯುಗಾದಿಯೊಳಗೆ ಹೊಲದ ಕರಿಕೆಯೆಲ್ಲ ಬೇರು ಮೇಲಾಗಬೇಕು, ಇಲ್ಲವಾದರೆ ಹೊಲ ಭೀಮಶಾನ ಪಾಲಿಗೆ.

ಅದು ನಿಜಾಮರ ಫಸಲಿ ಸನ್ನು ಹದಿಮೂರು ನೂರ ಮೂವತ್ತಾರರ ಮಾತು. ಕಬ್ಬಿಣದ ನೇಗಿಲುಗಳು ಲಾತೂರಿನ ಸಣ್ಣ ರೈಲಿನಿಂದಿಳಿದು ಬಂಡಿಯ ಮೇಲೆ ಊರೂರಿಗೆ ಹೊರಟಿದ್ದವು. ಮರದ ನೇಗಿಲಿಗಿಂತ ಅವು ಎರಡು ಪಟ್ಟು ಆಳಕ್ಕೆ ಹೋಗುವವೆಂದು ಜನ ಹೇಳುತ್ತಿದ್ದರು; ಮುಟ್ಟಿ ನೋಡಿದವರು ಕಡಿಮೆ. ಚಂಪಾಬಾಯಿ ಕರಿಕೆಯ ನಡುವೆಯೂ ಬೆಳೆದ ಆ ವರ್ಷದ ಕಡಲೆ ಮಾರಿ, ತಮ್ಮ ಕಲ್ಯಾಣಪ್ಪನನ್ನು ಬಂಡಿ ಹೂಡಲು ಹೇಳಿದಳು.

ಮೊದಲು ಉಮರ್ಗಾ. ಅಲ್ಲಿಯ ವ್ಯಾಪಾರಿ ಇವರನ್ನು ಗಾದಿಯ ಮೇಲೆ ಕೂಡ್ರಿಸಿ, ಬೆಲ್ಲದ ಪಾನಕ ತರಿಸಿ, ನೇಗಿಲನ್ನು ಬೆರಳಿಂದ ಬಾರಿಸಿ ತೋರಿಸಿದನು.

"ಐಬು?" ಎಂದಳು ಚಂಪಾಬಾಯಿ.

"ಐಬ? ಕಬ್ಬಿಣಕ್ಕ ಎಲ್ಲೀ ಐಬ ಬಾಯಿ! ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗಿ ಬರ್ತದ."

ಆಕೆ ಪಾನಕ ಕುಡಿದು ಎದ್ದಳು. ನಿಲಂಗಾದ ವ್ಯಾಪಾರಿ ಇನ್ನೂ ಚತುರ. ಸ್ವಲ್ಪ ಯೋಚಿಸಿದವನಂತೆ ಮಾಡಿ, "ಒಂದ ಐಬ ಅದ ನೋಡ್ರಿ. ಇದನ್ನ ಒಯ್ದ ಮ್ಯಾಲ ನೆರಿಹೊರಿಯವರ ಕಣ್ಣ ಬೀಳ್ತದ" ಎಂದನು. ಕಲ್ಯಾಣಪ್ಪ ಮೆಚ್ಚಿ ನಕ್ಕನು. ಚಂಪಾಬಾಯಿ ಬಂಡಿ ಹತ್ತಿ ಕುಳಿತಿದ್ದಳು.

"ಅಕ್ಕಾ, ಹಿಂಗಾದ್ರ ನಾವು ಹೈದರಾಬಾದಿಗಿ ಹೋಗಬೇಕಾಗ್ತದ."

"ಮೊದಲ ಉದಗೀರ. ಗುರಮ್ಮನ್ನೂ ನೋಡಿದಂಗಾತು."

ಉದಗೀರದ ಅಂಗಡಿ ಲಾಡ್ಲೆಸಾಬನದು. ನರೆತ ಗಡ್ಡದ, ಕುಳ್ಳ ಮನುಷ್ಯ. ಗಾದಿಯೂ ಇಲ್ಲ, ಪಾನಕವೂ ಇಲ್ಲ. ಗೋಣಿಯ ಮೇಲೆ ಕುಳಿತು ತಿರುಪುಮೊಳೆಗಳಿಗೆ ಎಣ್ಣೆ ಹಚ್ಚುತ್ತಿದ್ದನು. ಐಬಿನ ಪ್ರಶ್ನೆ ಕೇಳಿ ಎಣ್ಣೆಯ ಕೈಯನ್ನು ಒರೆಸಿಕೊಂಡನು.

"ಮೂರ ಅವ ಅವ್ವಾ. ಮೊದಲನೇದ್ದು, ಇದು ಭಾಳ ಭಾರ. ನಾಕ ಎತ್ತ ಬೇಕು. ಎರಡರಾಗ ಹೊಡೀತೀನಿ ಅಂದ್ರ ಎತ್ತ ಹಾಳಾಗ್ತಾವ. ಎರಡನೇದ್ದು, ಇದರ ಕುಳ ಎರಕದ್ದು. ಸವದ್ರ ನಿಮ್ಮೂರ ಕಮ್ಮಾರ ಬಡದು ಚೂಪ ಮಾಡಾಕ ಬರಂಗಿಲ್ಲ, ಒಡದ ಹೋಗ್ತದ. ಹೊಸಾದಽ ತರಬೇಕು."

"ಮೂರನೇದ್ದು?"

ಲಾಡ್ಲೆಸಾಬನು ನೇಗಿಲಿನ ಬಾಗಿದ ರೆಕ್ಕೆಯನ್ನು ಸವರಿದನು. "ಇದು ಮಣ್ಣ ಒಂದಽ ಮಗ್ಗಲಿಗಿ ಮಗಚ್ತದ. ಬಲಕ್ಕ. ಎಡಕ್ಕ ಬೀಳಂಗಿಲ್ಲ. ಹಿಂಗಾಗಿ ಮರದ ನೇಗಲ್ದಂಗ ಹೋಗಿ ಹೊಳ್ಳಿ ಬರೂದ ನಡೆಯಂಗಿಲ್ಲ. ಹೊಲಾ ಸುತ್ತಿ ಸುತ್ತಿ ಹೊಡೀಬೇಕು. ಸುತ್ತೂದ ಹ್ಯಾಂಗಂದ್ರ..."

"ಬಲಕ್ಕ ಬೀಳೂದು ಐಬ ಅಂತೀರೇನ್ರಿ ಸಾಬ್ರ?" ಎಂದು ಚಂಪಾಬಾಯಿ ಮುಖವರಳಿಸಿದಳು. "ಅದು ಶುಭ ಅಲ್ಲೇನ್ರಿ! ಕಲ್ಯಾಣಾ, ಬಂಡಿ ಹಚ್ಚು."

ಸಾಬನ ಮಾತು ಅರ್ಧಕ್ಕೆ ನಿಂತಿತು. ನೇಗಿಲನ್ನು ಬಂಡಿಗೇರಿಸಿ ಹಗ್ಗ ಬಿಗಿಯುವ ಗಡಿಬಿಡಿಯಲ್ಲಿ ಅದು ಇಬ್ಬರಿಗೂ ಮರೆತುಹೋಯಿತು. ಹೊರಡುವಾಗ ಆತ, "ಹೋಳಿ ಆಗಿ ನಾಕನೇ ದಿನಕ್ಕ ಕಾಸಾರಶಿರಸಿ ಸಂತಿಗಿ ಬರ್ತೀನಿ. ನಿಮ್ಮ ಹೊಲಕ್ಕ ಬಂದು ಕಣ್ಣಾರೆ ನೋಡೇ ಹೋಗ್ತೀನಿ" ಎಂದನು.

ಹೋಳಿ ಹುಣ್ಣಿಮೆಯ ಮರುದಿನ ನೇಗಿಲಿಗೆ ವಿಭೂತಿ ಹಚ್ಚಿ ಪೂಜೆಯಾಯಿತು. ಯುಗಾದಿಗೆ ಉಳಿದದ್ದು ಹದಿನೈದೇ ದಿನ. ದಿನಕ್ಕೆ ಅರ್ಧ ಎಕರೆಯ ಮೇಲೆ ಆಗದೆಂದು ಸಾಬನು ಹೇಳಿದ್ದನು. ಚಂಪಾಬಾಯಿಯ ಎರಡು ಎತ್ತು, ಕಲ್ಯಾಣಪ್ಪನ ಎರಡು ಎತ್ತು. ನಾಲ್ಕನ್ನೂ ಹೂಡಿ ಈಶಾನ್ಯದ ಮೂಲೆಯಲ್ಲಿ, ಬದುವಿನ ಅಂಚಿಗೆ ನೇಗಿಲು ಇಳಿಸಿದರು. ಹೊಲವನ್ನು ಸುತ್ತಬೇಕೆಂದರೆ ಅದು ಬಲಕ್ಕಿರಬೇಕು. ಗದ್ದುಗೆಯನ್ನು ಹಾಗೆಯೇ ಸುತ್ತುತ್ತಾರೆ, ತೊಟ್ಟಿಲನ್ನೂ ಹಾಗೆಯೇ. ಈ ವಿಷಯದಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೊದಲ ಸುತ್ತು ನೋಡುವಂತಿತ್ತು. ಮೊಳಕೈ ಆಳದ ಕರಿಯ ಮಣ್ಣು ಎದ್ದು, ಹೊರಳಿ, ಬಲಕ್ಕೆ ಬಿತ್ತು. ಎರಡನೆಯ ಸುತ್ತಿನಲ್ಲಿ ತೊಂದರೆ ಹತ್ತಿತು. ಬಲಕ್ಕೆ ಬಿದ್ದ ಮಣ್ಣು ಇನ್ನೂ ಉಳದ ಹೊಲದ ಮೇಲೆಯೇ ಬಿದ್ದಿತ್ತು. ಈಗ ನೇಗಿಲು ಆ ಹೆಂಟೆಗಳ ರಾಶಿಯನ್ನೂ ಅದರ ಕೆಳಗಿನ ನೆಲವನ್ನೂ ಕೂಡಿ ಸೀಳಬೇಕು. ನೊಗದ ಬಲಗಡೆ ನಡೆವ ಬಲಗೋಲಿನ ಎತ್ತು ಹೆಂಟೆಯ ಮೇಲೆ ಹತ್ತಿ ಮುಗ್ಗರಿಸಿತು. ನೇಗಿಲು ನೆಲ ಬಿಟ್ಟು ಮೇಲಕ್ಕೆ ಪುಟಿಯಿತು. ಸಂಜೆಯ ಹೊತ್ತಿಗೆ ಹೊಲದ ಸುತ್ತ ಒಂದು ಒಡ್ಡು ಕಟ್ಟಿದಂತಾಗಿತ್ತು. ಒಡ್ಡಿನ ಕೆಳಗೆ ಕರಿಕೆ ತಂಪಾಗಿ ಮಲಗಿತ್ತು.

ಬದುವಿನ ಮೇಲೆ ಕುಳಿತಿದ್ದ ಭೀಮಶಾ, "ಕಾಕೂ, ಇದು ಕರಿಕಿ ಕೀಳೂದಲ್ಲ. ಕರಿಕಿಗಿ ಹಚ್ಚಡ ಹೊಚ್ಚೂದು" ಎಂದನು.

"ಸಾಬ ನಮಗ ಟೋಪಿ ಹಾಕ್ಯಾನ ಅಕ್ಕಾ" ಎಂದು ಕಲ್ಯಾಣಪ್ಪ ನೇಗಿಲಿನ ಮೇಳಿಯ ಹಿಡಿ ಬಿಟ್ಟು ಬೆವರು ಒರೆಸಿಕೊಂಡನು. "ಮೂರ ಐಬ ಹೇಳಿ ನಾಕನೇದ್ದು ಮುಚ್ಚಿ ಇಟ್ಟಾನ."

"ಮೂರು ತಾನಾಗಿ ಬಿಚ್ಚಿ ಹೇಳಿದಂವಾ ನಾಕನೇದ್ದು ಯಾಕ ಮುಚ್ಚತಾನ? ನಾಕನೇ ದಿನಕ್ಕ ಬರ್ತೀನಿ ಅಂದಾನ, ಬರ್ತಾನ."

"ಮಾರಿದ ಮ್ಯಾಲ ಯಾರ ಬರ್ತಾರಽ ಯಕ್ಕಾ!" ಕಲ್ಯಾಣಪ್ಪ ದನಿ ತಗ್ಗಿಸಿ, "ಎಡಸುತ್ತ ಹೊಡದ್ ನೋಡಿದ್ರ ಹ್ಯಾಂಗ?" ಎಂದನು.

ಚಂಪಾಬಾಯಿಯ ಮುಖ ಕಂದಿತು. "ಎಡಸುತ್ತ ನಮ್ಮ ಮನ್ಯಾಗ ಸತ್ತವ್ರ ಮಣ್ಣಿಗಿ ಹೋದಾಗಷ್ಟಽ. ನಿಮ್ಮ ಭಾವನ್ನ ಕಳಿಸಿದ ದಿನ ಸುತ್ತೀನಿ. ಬಿತ್ತೂ ಹೊಲಕ್ಕ ಅದನ್ನ ಸುತ್ತಸಬ್ಯಾಡ."

ಎರಡನೆಯ ದಿನ ಬೆಳಗಿನಿಂದ ಮಧ್ಯಾಹ್ನದವರೆಗೂ ಅದೇ ಪಾಡು. ಎತ್ತುಗಳ ಬಾಯಲ್ಲಿ ನೊರೆ ಬಂದಿತು. ಕಲ್ಯಾಣಪ್ಪ ಅವುಗಳನ್ನು ಬಿಟ್ಟು ಬೇವಿನ ನೆರಳಿನಲ್ಲಿ ಮಲಗಿದನು. ಆ ದಿನ ಚಂಪಾಬಾಯಿ ಅಡಿಗೆಯ ಸಾಮಾನು ಹೊಲಕ್ಕೇ ತಂದಿದ್ದಳು. ಮೂರು ಕಲ್ಲು ಹೂಡಿ, ಹಂಚು ಇಟ್ಟು, ಪರಾತದಲ್ಲಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಹೊಲ ಹೋಯಿತೆಂದೇ ಆಕೆಗೆ ಅನಿಸಿತ್ತು. ಗಂಡ ಹಾಸಿಗೆಯಲ್ಲಿದ್ದಾಗ ದಿನವೂ ಕೇಳುತ್ತಿದ್ದನು: "ಹೊಲಾ ಹ್ಯಾಂಗದ?" ಆಕೆ ದಿನವೂ "ಛಲೋ ಅದ" ಎಂದು ಸುಳ್ಳು ಹೇಳುತ್ತಿದ್ದಳು. ಐಬನ್ನು ಮುಚ್ಚಿ ಆಕೆ ಆಡಿದ ಮಾತು ಜನ್ಮದಲ್ಲಿ ಅದೊಂದೇ.

ಕಣ್ಣು ಮಂಜಾದರೂ ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ಮುದ್ದೆ ನಡುವೆ ಕೂತಿತು, ಅಂಗೈ ಬಡಿಯಿತು, ರೊಟ್ಟಿ ಬಲಕ್ಕೆ ತಿರುಗಿತು, ಮತ್ತೆ ಬಡಿತ, ಮತ್ತೆ ಬಲಕ್ಕೆ. ನಡುವಿನಿಂದ ಹೊರಟ ರೊಟ್ಟಿ ಸುತ್ತಲೂ ಬೆಳೆದು ಪರಾತದ ಅಂಚಿಗೆ ಬಂದಿತು. ಚಂಪಾಬಾಯಿಯ ಕೈ ಹಾಗೆಯೇ ನಿಂತಿತು. ಅಂಚಿನಿಂದ ಒಳಕ್ಕೆ ಯಾರಾದರೂ ರೊಟ್ಟಿ ಬಡಿಯುತ್ತಾರೆಯೇ?

ಆಕೆ ಆ ರೊಟ್ಟಿಯನ್ನೆತ್ತಿ ಹಂಚಿಗೆ ಹಾಕಿ, ಪರಾತದಲ್ಲಿ ಚೆಲ್ಲಿದ್ದ ಒಣ ಹಿಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆದಳು. ನಡುವೆ ಒಂದು ಗೆರೆ. ಹಿಟ್ಟನ್ನು ಬಲಕ್ಕೆ ಸರಿಸಿದಳು. ಬಲಕ್ಕೆ ತಿರುಗಿ ಪಕ್ಕದಲ್ಲಿ ಇನ್ನೊಂದು ಗೆರೆ. ಆ ಹಿಟ್ಟು ಬಲಕ್ಕೆ ಬಿದ್ದು ಮೊದಲಿನ ಹಿಟ್ಟಿಗೆ ಆತುಕೊಂಡಿತು. ಇನ್ನೊಂದು ಸುತ್ತು, ಹಿಟ್ಟು ಹಿಂದಿನ ಗೆರೆಯ ತಗ್ಗಿನಲ್ಲಿ ಬಿತ್ತು. ಮುಂದಿನ ಸುತ್ತಿಗೆ ಮುಟ್ಟದ ಹಿಟ್ಟು ಹೊರಗೆ ಹಾಗೆಯೇ ಉಳಿಯಿತು. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆಯೆದ್ದಿತು.

"ಅಕ್ಕಾ, ರೊಟ್ಟಿ!" ಎಂದು ಕಲ್ಯಾಣಪ್ಪ ಎದ್ದು ಕೂತನು.

"ರೊಟ್ಟಿ ಸುಡ್ಲಿ. ನೇಗಲಾ ನಡುಹೊಲಕ್ಕ ಒಯ್ಯಿ. ನಡುವಿಂದ ಹೊರಗ ಹೊಡಿ. ಬಲಕ್ಕಽ ಸುತ್ತು."

"ನಡುವಿಂದ ಯಾರ ಹೊಡೀತಾರ ಕಾಕೂ?" ಎಂದು ಭೀಮಶಾ ಬದುವಿನಿಂದ ಕೂಗಿದನು. "ಬದು ಬಿಟ್ಟು ಶುರು ಮಾಡೂದು ನಮ್ಮ ಹಿರ್ಯಾರಾಗ ಇಲ್ಲ."

ಗುರುಬಸಯ್ಯನವರು ಜೋಳಿಗೆ ಹಿಡಿದು ಆ ದಾರಿಯಲ್ಲೇ ಊರಿಗೆ ಹೊರಟಿದ್ದರು. ಕಲ್ಯಾಣಪ್ಪ ಅವರನ್ನು ತಡೆದು, "ನೀವಽ ಹೇಳ್ರಿ ಅಯ್ನೋರ, ಇದು ನಡೀತದೇನು?" ಎಂದು ಕೇಳಿದನು.

ಅಯ್ಯನವರು ಹೊಲ ನೋಡಿದರು, ನೇಗಿಲು ನೋಡಿದರು, ಹಿಟ್ಟಿನ ಮೇಲಿನ ಗೆರೆಯನ್ನೂ ಬಗ್ಗಿ ನೋಡಿದರು. "ಗದ್ದುಗಿ ನಡುವ ಇರ್ತದೋ, ಗ್ವಾಡಿಗಿ ಇರ್ತದೋ? ನಡುವ ಒಂದು ಕಲ್ಲಿಟ್ಟು ವಿಭೂತಿ ಹಚ್ಚು, ಅದನ್ನ ಸುತ್ತು. ಚಂಪಾಬಾಯಿ, ಆ ಸುಟ್ಟ ರೊಟ್ಟಿ ನನ್ನ ಜೋಳಗಿಗಿ ಹಾಕಬ್ಯಾಡ ಮತ್ತ" ಎಂದರು.

ಕಲ್ಲು ಇಟ್ಟರು. ಬಲಗೋಲಿನ ಎತ್ತು ಈಗ ಹಿಂದಿನ ಸಾಲಿನಲ್ಲೇ ಕಾಲಿಟ್ಟು, ಹಾದಿ ಸಿಕ್ಕಂತೆ ನಡೆಯಿತು. ಮಣ್ಣಿನ ಹೋಳುಗಳು ಒಂದರ ಮೇಲೊಂದು ಒರಗಿದವು. ಕರಿಕೆಯ ಬಿಳಿಯ ಬೇರುಗಳು ಬಿಸಿಲಿಗೆ ಹಲ್ಲು ಕಿಸಿದವು. ಸಂಜೆಯವರೆಗೆ ಕಲ್ಯಾಣಪ್ಪ ಎತ್ತುಗಳಿಗೆ ಹಾಡು ಹೇಳುತ್ತಿದ್ದನು.

ನಾಲ್ಕನೆಯ ದಿನ ಮುಂಜಾನೆ ತಟ್ಟುಕುದುರೆಯ ಮೇಲೆ ಲಾಡ್ಲೆಸಾಬನು ಬಂದನು. ಬಂಡಿ ತುಂಬ ಸರಕು ತಂದಿದ್ದವನು ಅದನ್ನು ಶಿರಸಿಯ ಸಂತೆಯಲ್ಲಿ ಬಿಚ್ಚದೆ ಆಳಿನ ಕೈಯಲ್ಲಿ ಬಿಟ್ಟು, ನೇರ ಹೊಲಕ್ಕೆ ಓಡಿಬಂದಿದ್ದನು.

"ಅವ್ವಾ, ನನ್ನ ಕಡಿಂದ ದೊಡ್ಡ ತಪ್ಪಾಗ್ಯದ!" ಎಂದು ದೂರದಿಂದಲೇ ಕೂಗಿದನು. "ಯಾವ ಕಡಿ ಸುತ್ತಬೇಕಂಬೂದು ಹೇಳಽ ಇಲ್ಲ. ಬದುವಿಂದ ಹೊಡದ್ರ ಎಡಸುತ್ತ..." ಎನ್ನುವಷ್ಟರಲ್ಲಿ ಉತ್ತ ಹೊಲ ಕಣ್ಣಿಗೆ ಬಿತ್ತು. ತಟ್ಟುವಿನಿಂದ ಇಳಿದು ಸಾಲಿನಲ್ಲಿ ಕೈಯಿಟ್ಟು ಆಳ ನೋಡಿದನು. "ಅರೇ! ಇದನ್ನ ಯಾರ ಕಲಿಸಿದ್ರು?"

"ರೊಟ್ಟಿ ಕಲಿಸ್ತು" ಎಂದಳು ಚಂಪಾಬಾಯಿ. "ನಿಮ್ಮದಷ್ಟಽ ತಪ್ಪಲ್ರಿ ಸಾಬ್ರ. ಬಲಕ್ಕ ಅಂದಕೂಡ್ಲೆ ನಾನಽ ಕಿವಿ ಮುಚ್ಕೊಂಡೆ. ಎಡಸುತ್ತ ಅಂತ ನೀವು ಹೇಳಿದ್ರೂ ನಾವು ಸುತ್ತತಿದ್ದಿಲ್ಲ."

ಟೋಪಿಯ ಮಾತಾಡಿದ್ದ ಕಲ್ಯಾಣಪ್ಪ ಯಾರೂ ಹೇಳದೆ ಹೋಗಿ ತಟ್ಟುವಿಗೆ ನೀರು ಕುಡಿಸಿ ಬಂದನು. ಸಾಬನಿಗೆ ಮೊದಲು ಬಿಸಿರೊಟ್ಟಿ ಹಾಕಿಕೊಟ್ಟವನೂ ಆತನೇ.

ಯುಗಾದಿಯ ಹಿಂದಿನ ದಿನ ಅಂಚಿನ ಒಡ್ಡೂ ಸೇರಿ ಹೊಲವೆಲ್ಲ ಮುಗಿದು, ನಾಲ್ಕು ಮೂಲೆಗಳು ಉಳಿದವು. ಸುತ್ತುವ ನೇಗಿಲು ಮೂಲೆಗೆ ಹೋಗಲಾರದು. ಚಂಪಾಬಾಯಿ ಗುದ್ದಲಿ ಹಿಡಿದು ಈಶಾನ್ಯದ ಮೂಲೆಗೆ ನಿಂತಳು. ಕಲ್ಯಾಣಪ್ಪ ಎದುರಿನ ಮೂಲೆಗೆ. ಎರಡು ಮೂಲೆ ಮುಗಿಯುವಷ್ಟರಲ್ಲಿ ಹೊತ್ತು ಇಳಿಯತೊಡಗಿತು. ಬದುವಿನ ಮೇಲೆ ನಿಂತಿದ್ದ ಭೀಮಶಾ ಬಹಳ ಹೊತ್ತು ನೋಡಿದನು. ಆಮೇಲೆ ಇಳಿದು ಬಂದು, ತನ್ನ ಹೊಲಕ್ಕೆ ಹತ್ತಿದ ಮೂಲೆಯಲ್ಲಿ ತಾನೇ ಗುದ್ದಲಿ ಹಾಕಿದನು. ಹೊತ್ತು ಮುಳುಗುವ ಮೊದಲೇ ನಾಲ್ಕು ಮೂಲೆಗಳೂ ಮುಗಿದವು.

ಕೈ ಕೊಡವಿಕೊಂಡು ಆತ ಚಂಪಾಬಾಯಿಯ ಎದುರಿಗೆ ಬಂದು ನಿಂತನು. "ಕಾಕೂ, ನನ್ನ ಹೊಲದಾಗೂ ಕರಿಕಿ ಹೊಕ್ಕದ. ನಾಳಿ ಹಬ್ಬಾ ಆದ ಮ್ಯಾಲ ನೇಗಲಾ ಕೊಡ್ತೀ ಏನು? ಇದರ ಮೂರೂ ಐಬ ನನಗ ಬಾಯಿಪಾಠ ಆಗ್ಯಾವ."

"ಇದರ ಐಬ ನಾ ಕೇಳ್ಲಿಲ್ಲ. ನಿನ್ನ ಐಬ ಹೇಳು."

ಭೀಮಶಾ ಕಾಲಬೆರಳಿನಿಂದ ಹೆಂಟೆಯೊಂದನ್ನು ಒಡೆದನು. "ಮಂದಿ ಹೊಲದ ಮ್ಯಾಲ ಕಣ್ಣ ಜರಾ ಭಾಳ ಹೋಗ್ತದ ಕಾಕೂ."

ಚಂಪಾಬಾಯಿ ಸೆರಗಿನಿಂದ ಮೇಳಿಯ ಮೇಲಿನ ಮಣ್ಣು ಒರೆಸಿದಳು. "ನಾಕ ಎತ್ತ ಹೂಡು, ಎರಡರಾಗ ಹೊಡೀಬ್ಯಾಡ. ನಡುವ ಕಲ್ಲಿಡೂದು ಮರೀಬ್ಯಾಡ. ಒಯ್ಯಿ" ಎಂದಳು.